ಅಂತರ ಗ್ರಂಥಾಲಯ ಎರವಲು: ಪುಸ್ತಕ ತಡವಾದರೆ ಕಾಯಬಹುದು, ಉತ್ತರವೇ ಬಾರದಿದ್ದರೆ?

ಸಂಶೋಧನಾ ವಿದ್ಯಾರ್ಥಿನಿ, ಇತಿಹಾಸ ವಿಭಾಗ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಮಲೆನಾಡಿನ ಸೆರಗಿನ ಕೆರೆಗಳ ಬಗ್ಗೆ, ಅವುಗಳನ್ನು ಕಟ್ಟಿಸಿದವರು ಮತ್ತು ಹೂಳೆತ್ತಿಸುತ್ತ ಬಂದವರ ಬಗ್ಗೆ, ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದೇನೆ. ಕಳೆದ ವಾರ ಓದುಗರ ತೃಪ್ತಿಯನ್ನು ಅಳೆಯುವ ಪ್ರಶ್ನಾವಳಿಯೊಂದು ಗ್ರಂಥಾಲಯದಿಂದ ನಮ್ಮ ವಿಭಾಗಕ್ಕೆ ಬಂದಿದೆ. ಅದರ ಹದಿನಾಲ್ಕನೆಯ ಪ್ರಶ್ನೆ ಹೀಗಿದೆ: ‘ಅಂತರ ಗ್ರಂಥಾಲಯ ಎರವಲು ಸೇವೆಯಿಂದ ನೀವು ಎಷ್ಟರ ಮಟ್ಟಿಗೆ ತೃಪ್ತರಾಗಿದ್ದೀರಿ?’ ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕ, ಲೇಖನಗಳನ್ನು ಬೇರೆ ಗ್ರಂಥಾಲಯಗಳಿಂದ ತರಿಸಿಕೊಡುವ ಸೇವೆ ಇದು. ಕೆಳಗೆ ‘ಬಹಳ ತೃಪ್ತಿ’ಯಿಂದ ‘ಬಹಳ ಅತೃಪ್ತಿ’ಯವರೆಗೆ ಐದು ಚೌಕಗಳಿವೆ. ಬೇರೆ ಎಲ್ಲ ಪ್ರಶ್ನೆಗಳಿಗೂ ಗುರುತು ಹಾಕಿದ್ದೇನೆ, ಇದೊಂದಕ್ಕೆ ಮಾತ್ರ ಹಾಕಲಾಗದೆ ಉಳಿಸಿಕೊಂಡಿದ್ದೇನೆ.

ಕಾರಣ ಹೇಳುತ್ತೇನೆ. ಈ ಎರಡು ವರ್ಷಗಳಲ್ಲಿ ನಾನು ಮೂರು ಕೋರಿಕೆಗಳನ್ನು ಸಲ್ಲಿಸಿದ್ದೆ. ಮೊದಲನೆಯದು ಒಂದು ಪುಸ್ತಕ. ಅದು ಐದು ವಾರಗಳ ನಂತರ ಬಂತು. ಮನೆಗೆ ಒಯ್ಯುವಂತಿಲ್ಲ, ವಾಚನಾಲಯದಲ್ಲೇ ಕುಳಿತು ಹದಿನೈದು ದಿನಗಳೊಳಗೆ ಓದಿ ಮುಗಿಸಬೇಕು ಎಂಬ ಷರತ್ತಿತ್ತು, ಓದಿ ಮುಗಿಸಿದೆ. ಮೂರನೆಯದು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಎಂಬತ್ತರ ದಶಕದಲ್ಲಿ ಸಲ್ಲಿಕೆಯಾದ ಮಹಾಪ್ರಬಂಧ. ‘ಮಹಾಪ್ರಬಂಧಗಳನ್ನು ಹೊರಗೆ ಕಳುಹಿಸುವುದಿಲ್ಲ, ವಿದ್ಯಾರ್ಥಿ ಗೈಡ್ ಅವರ ಪತ್ರದೊಂದಿಗೆ ಬಂದರೆ ಇಲ್ಲಿಯೇ ಓದಲು ಅವಕಾಶ ಕೊಡುತ್ತೇವೆ’ ಎಂದು ನಾಲ್ಕೇ ದಿನಗಳಲ್ಲಿ ಉತ್ತರ ಬಂತು. ರಾತ್ರಿ ಬಸ್ಸಿನಲ್ಲಿ ಹೋಗಿ, ಎರಡು ದಿನ ಕುಳಿತು, ನೋಟ್ ಬುಕ್ ತುಂಬ ಬರೆದುಕೊಂಡು ಬಂದೆ. ನಡುವಿನದು 1960ರ ದಶಕದ ಕನ್ನಡ ಸಂಶೋಧನಾ ತ್ರೈಮಾಸಿಕವೊಂದರಲ್ಲಿ ಬಂದ, ಕೆರೆ ಶಾಸನಗಳನ್ನು ಕುರಿತ ಲೇಖನದ ಝೆರಾಕ್ಸ್ ಪ್ರತಿ. ಆ ಕೋರಿಕೆ ಸಲ್ಲಿಸಿ ಏಳು ತಿಂಗಳಾಯಿತು. ಸಿಗುತ್ತದೆ ಎಂದಾಗಲಿ ಸಿಗುವುದಿಲ್ಲ ಎಂದಾಗಲಿ ಯಾರೂ ಹೇಳಿಲ್ಲ. ಕೌಂಟರಿಗೆ ಹೋದಾಗಲೆಲ್ಲ ‘ಕಳಿಸಿದ್ದೇವೆ, ಅಲ್ಲಿಂದ ಬರಬೇಕಷ್ಟೆ’ ಎಂಬ ಮಾತು ಮಾತ್ರ.

ಮಹಾಪ್ರಬಂಧ ಕಳುಹಿಸಲಾಗುವುದಿಲ್ಲ ಎಂದ ಗ್ರಂಥಾಲಯದ ಬಗ್ಗೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವರ ಉತ್ತರದಿಂದ ನನ್ನ ಕೆಲಸ ಮುಂದೆ ಹೋಯಿತು. ಒಂದು ಲೇಖನಕ್ಕಾಗಿ ಕಾದದ್ದರಿಂದ ಒಂದು ಅಧ್ಯಾಯ ನಿಂತುಬಿಟ್ಟಿದೆ. ಹೀಗಿರುವಾಗ ಮೂರನ್ನೂ ಸೇರಿಸಿ ಒಂದೇ ಚೌಕದಲ್ಲಿ ಗುರುತು ಹಾಕುವುದು ಹೇಗೆ? ಈ ಸೇವೆಯನ್ನು ಬಳಸಿದವರು, ನಡೆಸಿದವರು ತಮ್ಮ ಅನುಭವವನ್ನು ಬರೆದರೆ ಉಪಕಾರವಾಗುತ್ತದೆ. ಪ್ರಶ್ನಾವಳಿಯನ್ನು ಹಿಂದಿರುಗಿಸಲು ಶುಕ್ರವಾರ ಕೊನೆಯ ದಿನ.

ಸಹಾಯಕ ಗ್ರಂಥಪಾಲಕ, ವಿಶ್ವವಿದ್ಯಾಲಯ ಗ್ರಂಥಾಲಯ

ನಾನು ಬೇರೊಂದು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಆರು ವರ್ಷ ಈ ಎರವಲು ವಿಭಾಗವನ್ನೇ ನೋಡಿಕೊಂಡಿದ್ದೆ. ಮೇಡಂ ಬರೆದದ್ದನ್ನು ಓದಿ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ.

ಮೊದಲು ಕೌಂಟರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳಬೇಕು. ಓದುಗರು ಫಾರಂ ತುಂಬಿ ಕೊಟ್ಟ ಮೇಲೆ, ಆ ಪುಸ್ತಕ ನಿಜವಾಗಿ ನಮ್ಮಲ್ಲಿ ಇಲ್ಲವೇ ಎಂದು ಮತ್ತೊಮ್ಮೆ ನೋಡುತ್ತೇವೆ. ಎಷ್ಟೋ ಸಲ ಅದು ನಮ್ಮದೇ ಕಪಾಟಿನಲ್ಲಿ ತಪ್ಪು ಜಾಗದಲ್ಲಿ ಕುಳಿತಿರುತ್ತದೆ. ಆಮೇಲೆ ಯಾರಲ್ಲಿದೆ ಎಂಬ ಹುಡುಕಾಟ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇಂಡ್‌ಕ್ಯಾಟ್ ಎಂಬ ಸಂಯುಕ್ತ ಸೂಚಿಯಲ್ಲಿ ದೇಶದ ವಿಶ್ವವಿದ್ಯಾಲಯಗಳ ಸಂಗ್ರಹದ ವಿವರಗಳಿವೆ. 1988ರಲ್ಲಿ ದೆಹಲಿಯ ಗ್ರಂಥಾಲಯಗಳ ಜಾಲವಾಗಿ ಆರಂಭವಾಗಿ, ಆಮೇಲೆ ದೇಶದಾದ್ಯಂತ ಹಬ್ಬಿದ ಡೆಲ್‌ನೆಟ್‌ಗೆ ಸದಸ್ಯತ್ವವಿದ್ದರೆ ಅದರ ಮೂಲಕವೂ ಕೋರಬಹುದು. ನಿಯತಕಾಲಿಕಗಳ ಲೇಖನಗಳಿಗಾಗಿ ವಿಶ್ವವಿದ್ಯಾಲಯಗಳನ್ನು ಜೋಡಿಸಿದ್ದ ಯುಜಿಸಿ ಇನ್ಫೋನೆಟ್ ಎಂಬ ಜಾಲದ ಕಾಲದಲ್ಲಿ 22 ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಎರವಲು ಗ್ರಂಥಾಲಯಗಳೆಂದು ಗೊತ್ತುಪಡಿಸಿದ್ದರು. ಇಲ್ಲಿಂದ ಕೋರಿಕೆ ಕಳಿಸಿದರೆ ಅವರು ಲೇಖನದ ಪ್ರತಿಯನ್ನು ಕಳಿಸುತ್ತಿದ್ದರು. ವ್ಯವಸ್ಥೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಹಾಗಾದರೆ ಪುಸ್ತಕ ಕೊಡಲು ಹಿಂದೇಟು ಏಕೆ? ಕಳೆದುಹೋದರೆ ಯಾರು ಹೊಣೆ ಎಂಬ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮವನ್ನು ಎಲ್ಲರೂ ಓದಬೇಕು. ವರ್ಷಕ್ಕೆ ಎರವಲು ಹೋದ ಅಥವಾ ಓದುಗರ ಕೈಗೆ ಬಂದ ಪ್ರತಿ ಸಾವಿರ ಸಂಪುಟಗಳಿಗೆ ಐದು ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದು ಸಹಜ ನಷ್ಟವೆಂದು ಆ ನಿಯಮವೇ ಒಪ್ಪುತ್ತದೆ. ಆದರೆ ಮುಂದಿನ ವಾಕ್ಯದಲ್ಲಿ, 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ತನಿಖೆ ನಡೆಯಲೇಬೇಕು ಎಂದಿದೆ. ಅಂತರ ಗ್ರಂಥಾಲಯ ಎರವಲಿಗೆ ಕೇಳುವುದೇ ಇಂಥ ಪುಸ್ತಕಗಳನ್ನು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ನಿಯಮಗಳು ಬೇರೆ ಇರಬಹುದು, ಭಯ ಮಾತ್ರ ಒಂದೇ. ಸ್ಟಾಕ್ ವೆರಿಫಿಕೇಷನ್ನಿನಲ್ಲಿ ನಾಲ್ಕು ಪುಸ್ತಕ ಕಡಿಮೆ ಬಂದವೆಂದು ನಿವೃತ್ತಿಯ ಕಾಗದಪತ್ರಗಳು ತಿಂಗಳುಗಟ್ಟಲೆ ನಿಂತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ನೋಡಿದ ಕಿರಿಯ ಸಿಬ್ಬಂದಿ, ‘ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಕೊಟ್ಟು ಕಳೆದರೆ ನಾನೇ ಕಟ್ಟಬೇಕು’ ಎಂಬ ಲೆಕ್ಕಕ್ಕೆ ಬರುತ್ತಾರೆ.

ಇಷ್ಟನ್ನೂ ಹೇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಲೇಖನದ ಪ್ರತಿಗೆ ಈ ಭಯವೇನೂ ಅನ್ವಯಿಸುವುದಿಲ್ಲ. ಮೂಲ ಸಂಚಿಕೆ ಗ್ರಂಥಾಲಯ ಬಿಟ್ಟು ಹೋಗುವುದಿಲ್ಲ. ಸಂಶೋಧನೆಗಾಗಿ ನ್ಯಾಯೋಚಿತವಾಗಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಏಳು ತಿಂಗಳ ಮೌನಕ್ಕೆ ನಮ್ಮ ಕಡೆ ಸಮರ್ಥನೆ ಇಲ್ಲ.

ಅಧ್ಯಾಪಕಿ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ

ಈ ಚರ್ಚೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಹದಿನಾಲ್ಕನೆಯ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳೂ ತಮ್ಮ ಕಿರುಪ್ರಬಂಧಗಳಿಗೆ ಇಂಥದೇ ಪ್ರಶ್ನಾವಳಿಗಳನ್ನು ತಯಾರಿಸಿಕೊಂಡು ಬರುತ್ತಾರೆ. ‘ತೃಪ್ತಿ’ ಎಂಬ ಚೌಕದಲ್ಲಿ ಹೆಚ್ಚು ಗುರುತುಗಳು ಬೀಳುತ್ತವೆ, ಸೇವೆ ಚೆನ್ನಾಗಿದೆ ಎಂಬ ತೀರ್ಮಾನ ಬರುತ್ತದೆ, ಕಿರುಪ್ರಬಂಧ ಬೈಂಡ್ ಆಗುತ್ತದೆ. ನಾನು ಅದಕ್ಕೆ ಸಹಿ ಹಾಕಿದ್ದೂ ಉಂಟು. ಈಗ ಹಾಕುವುದಿಲ್ಲ.

ಸೇವೆಯ ಗುಣಮಟ್ಟವನ್ನು ಅಳೆಯಲು 1988ರಲ್ಲಿ ವಾಣಿಜ್ಯ ಕ್ಷೇತ್ರಕ್ಕಾಗಿ ರೂಪುಗೊಂಡ ಸರ್ವ್‌ಕ್ವಾಲ್ ಎಂಬ ವಿಧಾನವಿದೆ. ಅದನ್ನು ಆಧರಿಸಿ ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸೇರಿ ಲಿಬ್‌ಕ್ವಾಲ್ ಎಂಬುದನ್ನು ಬೆಳೆಸಿದವು. ಅದರಲ್ಲಿ ಮೂಲ ಪ್ರಶ್ನೆಗಳು 22. ಪ್ರತಿ ಪ್ರಶ್ನೆಗೂ ಓದುಗರು ಮೂರು ಅಂಕಗಳನ್ನು ಕೊಡಬೇಕು: ಇಷ್ಟಾದರೂ ಇರಲೇಬೇಕು ಎಂಬ ಕನಿಷ್ಠ ಮಟ್ಟ, ಇಷ್ಟಿದ್ದರೆ ಚೆನ್ನ ಎಂಬ ಅಪೇಕ್ಷೆಯ ಮಟ್ಟ, ನಿಜವಾಗಿ ಸಿಗುತ್ತಿರುವ ಮಟ್ಟ. ಸಿಕ್ಕಿದ್ದು ಮೊದಲ ಎರಡರ ನಡುವೆ ಎಲ್ಲಿ ಬೀಳುತ್ತದೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ.

ಹೀಗೆ ಕೇಳಿದಾಗ ನಮ್ಮ ಕಡೆಯ ನಿಜಸ್ಥಿತಿ ಕಾಣಿಸುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ತನ್ನ ಪುಸ್ತಕ ಮೂರು ತಿಂಗಳ ನಂತರ ಬಂದಿದ್ದರೂ ‘ಬಹಳ ತೃಪ್ತಿ’ ಎಂದು ಗುರುತು ಹಾಕಿದ್ದ. ಕರೆದು ಕೇಳಿದೆ. ‘ಮೇಡಂ, ಬರುತ್ತದೆ ಎಂದು ನಾನು ಅಂದುಕೊಂಡೇ ಇರಲಿಲ್ಲ, ಬಂತಲ್ಲ’ ಎಂದ. ಅವನ ಕನಿಷ್ಠ ನಿರೀಕ್ಷೆ ಸೊನ್ನೆ. ಸೊನ್ನೆಯ ಮೇಲೆ ಏನು ಸಿಕ್ಕರೂ ತೃಪ್ತಿಯೇ. ಓದುಗರ ನಿರೀಕ್ಷೆ ನೆಲ ಕಚ್ಚಿರುವಲ್ಲಿ ತೃಪ್ತಿಯ ಅಂಕ ಮೇಲಿರುತ್ತದೆ, ಅದನ್ನು ನಾವು ಸೇವೆಯ ಗುಣ ಎಂದು ಬರೆದುಕೊಳ್ಳುತ್ತೇವೆ.

ಇನ್ನೂ ಒಂದು ದೋಷವಿದೆ. ಈ ಸೇವೆ ಇದೆಯೆಂಬುದೇ ಗೊತ್ತಿಲ್ಲದವರು, ಒಮ್ಮೆ ಕೇಳಿ ಉತ್ತರ ಸಿಗದೆ ಮತ್ತೆ ಆ ಕಡೆ ತಲೆಹಾಕದವರು, ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬಿಟ್ಟುಹೋದವರನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿಯುವವರು ಪುಸ್ತಕ ಸಿಕ್ಕವರು ಮಾತ್ರ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್‌ನ ಸಮಿತಿ ಬರುವ ವರ್ಷ ಇಂಥ ಅಂಕಿಗಳಿಗೆ ಬೇಡಿಕೆ ಬರುತ್ತದೆ, ಸಮಿತಿ ಹೋದ ಮೇಲೆ ಅವು ಕಪಾಟು ಸೇರುತ್ತವೆ.

ನನ್ನ ಸಲಹೆ ಸರಳವಾಗಿದೆ. ಬಂದ ಕೋರಿಕೆಗಳು ಎಷ್ಟು, ಅವುಗಳಲ್ಲಿ ಈಡೇರಿದವು ಎಷ್ಟು, ಪ್ರತಿಯೊಂದಕ್ಕೂ ಹಿಡಿದ ದಿನಗಳು ಎಷ್ಟು, ಉತ್ತರವಿಲ್ಲದೆ ಉಳಿದವು ಎಷ್ಟು ಎಂಬುದನ್ನು ಗ್ರಂಥಾಲಯ ಮೊದಲು ತನ್ನ ರಿಜಿಸ್ಟರಿನಿಂದ ತೆಗೆದು ಪ್ರಕಟಿಸಬೇಕು, ಆಮೇಲೆ ಓದುಗರ ಅಭಿಪ್ರಾಯ ಕೇಳಬೇಕು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗರ ಸಮಯ ಉಳಿಸಿ’ ಎಂಬುದು. 1962ರಲ್ಲಿ ಅವರು ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಸ್ಥಾಪಿಸಿ, ಕೊನೆಯವರೆಗೂ ಇಲ್ಲೇ ಇದ್ದರು. ಸಮಯವನ್ನು ಉಳಿಸಬೇಕಾದರೆ ಮೊದಲು ಅದನ್ನು ದಿನಗಳಲ್ಲಿ ಎಣಿಸಬೇಕಲ್ಲವೇ?

ಪಿಎಚ್.ಡಿ. ವಿದ್ಯಾರ್ಥಿ, ಅಮೆರಿಕದ ಮಧ್ಯಪಶ್ಚಿಮ ಭಾಗ

ಶಿವಮೊಗ್ಗದವನಾದ ನಾನು ಇಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ವಿಭಾಗದಲ್ಲಿದ್ದೇನೆ. ನನ್ನ ವಿಶ್ವವಿದ್ಯಾಲಯದಲ್ಲಿ ಕನ್ನಡ ಪುಸ್ತಕಗಳು ಬೆರಳೆಣಿಕೆಯಷ್ಟಿವೆ. ಬೇಕಾದದ್ದೆಲ್ಲ ಅಂತರ ಗ್ರಂಥಾಲಯ ಎರವಲಿನಿಂದ, ಹೆಚ್ಚಾಗಿ ಷಿಕಾಗೊದಿಂದ ಬರುತ್ತದೆ. ಅಮೆರಿಕದ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳು ಇರುವುದಕ್ಕೆ ಒಂದು ಹಿನ್ನೆಲೆಯಿದೆ. ಅಮೆರಿಕದ ಪಿಎಲ್-480 ಎಂಬ ಆಹಾರ ನೆರವಿನ ಕಾನೂನಿನಡಿ ಬಂದ ಗೋಧಿಗೆ ಭಾರತ ಕೊಟ್ಟ ರೂಪಾಯಿಗಳಲ್ಲಿ ಒಂದು ಪಾಲನ್ನು ಬಳಸಿ, 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ಹಲವು ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿದ್ದರು. ಆಗ ಮುದ್ರಣವಾದ ಒಂದು ಪುಸ್ತಕ ಕಳೆದ ಚಳಿಗಾಲದಲ್ಲಿ ನನ್ನ ಕೈಗೆ ಬಂದಾಗ ಅದರ ಕೆಲವು ಹಾಳೆಗಳ ಅಂಚು ಕತ್ತರಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅರವತ್ತು ವರ್ಷಗಳಲ್ಲಿ ಅದನ್ನು ಮೊದಲು ಓದಿದವನು ನಾನೇ ಇರಬೇಕು.

ಇಲ್ಲಿ ಹಣವಿದೆ, ಸಿಬ್ಬಂದಿಯಿದ್ದಾರೆ, ಹೋಲಿಕೆ ಸರಿಯಾಗದು ಎಂದು ಬಲ್ಲೆ. ಆದರೂ ನನಗೆ ನಿಜವಾಗಿ ನೆಮ್ಮದಿ ಕೊಡುವ ಸಂಗತಿಗೆ ಹಣ ಹೆಚ್ಚು ಬೇಕಿಲ್ಲ. ಕೋರಿಕೆ ಸಲ್ಲಿಸಿದ ಕೂಡಲೆ ಒಂದು ಮಿಂಚಂಚೆ ಬರುತ್ತದೆ. ಇಂಥ ಗ್ರಂಥಾಲಯಕ್ಕೆ ಕಳಿಸಿದ್ದೇವೆ, ಅವರಲ್ಲಿ ಇಲ್ಲವೆಂದರು, ಮುಂದಿನವರನ್ನು ಕೇಳಿದ್ದೇವೆ, ಪುಸ್ತಕ ಹೊರಟಿದೆ ಎಂದು ಪ್ರತಿ ಹಂತದಲ್ಲೂ ಎರಡು ಸಾಲು ಬರುತ್ತದೆ. ಒಮ್ಮೆ ಒಂದು ಪುಸ್ತಕ ಆರು ವಾರ ಹಿಡಿಯಿತು. ಎಲ್ಲಿ ನಿಂತಿದೆ ಎಂಬುದು ಗೊತ್ತಿದ್ದುದರಿಂದ ಬೇರೆ ಅಧ್ಯಾಯದ ಕೆಲಸ ಹಚ್ಚಿಕೊಂಡೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಆರು ವಾರ ಕಾದಿದ್ದರೆ ದಿನವೂ ಕೌಂಟರಿಗೆ ಸುತ್ತುತ್ತಿದ್ದೆ.

ಸಂಶೋಧನಾ ವಿದ್ಯಾರ್ಥಿ, ರಸಾಯನ ವಿಜ್ಞಾನ

‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದ ಮೇಲೂ ಈ ಸೇವೆಯ ಅಗತ್ಯವಿದೆಯೇ ಎಂದು ಕೇಳಬಯಸುತ್ತೇನೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಒಪ್ಪಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಈಗ ನಮ್ಮ ಪ್ರಯೋಗಾಲಯದಲ್ಲೇ ತೆರೆದುಕೊಳ್ಳುತ್ತವೆ. ಹಿಂದೆ ಬೇರೆ ಊರಿನ ಸ್ನೇಹಿತರಿಗೆ ಸಂದೇಶ ಕಳಿಸಿ ತರಿಸಿಕೊಳ್ಳುತ್ತಿದ್ದ ಲೇಖನಗಳು ಈಗ ಎರಡು ನಿಮಿಷದ ಕೆಲಸ. ನಾನಂತೂ ತೃಪ್ತ.

ಸಹಾಯಕ ಪ್ರಾಧ್ಯಾಪಕ, ಕನ್ನಡ, ಪದವಿ ಕಾಲೇಜು

ನಿಮಗೆ ಅನುಕೂಲವಾಗಿದೆ ಎಂಬುದು ಸಂತೋಷದ ವಿಷಯ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಆ ಹದಿಮೂರು ಸಾವಿರದಲ್ಲಿ ನನಗೆ ಬೇಕಾದ ಒಂದೂ ಇಲ್ಲ. ಆ ಯೋಜನೆ ಬಂದಿರುವುದು ಅಂತರರಾಷ್ಟ್ರೀಯ ಪ್ರಕಾಶಕರ ನಿಯತಕಾಲಿಕಗಳಿಗಾಗಿ, ಅದೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗೆ. ನಾನಿರುವುದು ತಾಲ್ಲೂಕು ಕೇಂದ್ರದ ಖಾಸಗಿ ಆಡಳಿತ ಮಂಡಳಿಯ ಕಾಲೇಜಿನಲ್ಲಿ. ನಾನು ಹುಡುಕುವುದು ಜಿಲ್ಲಾ ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆ, ಮಠಗಳು ಹೊರತಂದ ಸಂಪುಟ, ಹಳೆಯ ತ್ರೈಮಾಸಿಕ ಇಂಥವನ್ನು. ಇವು ಯಾವ ಪ್ರಕಾಶಕರ ತೆರೆಯ ಮೇಲೂ ಬರುವುದಿಲ್ಲ. ಅಂತರಜಾಲದಲ್ಲಿರುವ ಮಹಾಪ್ರಬಂಧಗಳ ಸಂಗ್ರಹವಾದ ಶೋಧಗಂಗಾದಿಂದ ಇತ್ತೀಚಿನ ಮಹಾಪ್ರಬಂಧಗಳು ಮನೆಯಲ್ಲೇ ಸಿಗುವಂತಾಗಿದೆ, ಅದು ದೊಡ್ಡ ಉಪಕಾರ. ಹಳೆಯವು ಬಹಳಷ್ಟು ಇನ್ನೂ ಕಪಾಟಿನಲ್ಲೇ ಇವೆ.

ನಮ್ಮ ಕಾಲೇಜಿನಿಂದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರವಲು ಕೋರಿಕೆ ಸಲ್ಲಿಸುವ ದಾರಿ ಯಾವುದು ಎಂದು ಹನ್ನೊಂದು ವರ್ಷಗಳಲ್ಲಿ ಯಾರೂ ನನಗೆ ಸ್ಪಷ್ಟವಾಗಿ ಹೇಳಿಲ್ಲ. ಪ್ರಾಂಶುಪಾಲರ ಪತ್ರ ಹಿಡಿದು ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಅಲ್ಲಿ ನಿಲ್ಲುತ್ತೇನೆ. ರಜೆ ಹಾಕಿ ಹೋದ ದಿನವೇ ಆ ಸಂಪುಟ ಬೈಂಡಿಂಗಿಗೆ ಹೋಗಿರುತ್ತದೆ. ನನ್ನಂಥವರಿಗೆ ತೃಪ್ತಿಯ ಪ್ರಶ್ನಾವಳಿ ಬರುವುದೇ ಇಲ್ಲ, ಏಕೆಂದರೆ ನಾವು ಆ ಗ್ರಂಥಾಲಯದ ಸದಸ್ಯರಲ್ಲ. ಈಗ ಎರಡು ವರ್ಷಗಳಿಂದ ನಮ್ಮ ಜಿಲ್ಲೆಯ ಎಪ್ಪತ್ತರ ದಶಕದ ಒಂದು ಸ್ಮರಣ ಸಂಚಿಕೆಗಾಗಿ ಹುಡುಕುತ್ತಿದ್ದೇನೆ, ಸೂಚಿಗಳಲ್ಲಿ ಎಲ್ಲೂ ಸಿಕ್ಕಿಲ್ಲ.

ಸಹಾಯಕ ಗ್ರಂಥಪಾಲಕ

ಮೇಷ್ಟ್ರು ‘ಸೂಚಿಗಳಲ್ಲಿ ಸಿಕ್ಕಿಲ್ಲ’ ಎಂದದ್ದಕ್ಕೆ ಉತ್ತರಿಸಬೇಕು. ಕನ್ನಡ ಪುಸ್ತಕಗಳ ಎರವಲಿಗೆ ಇರುವ ಮೊದಲ ತೊಡಕು ಅಂಚೆಯಲ್ಲ, ಕ್ಯಾಟಲಾಗು. ಗಣಕೀಕರಣ ಶುರುವಾದ ಕಾಲದಲ್ಲಿ ಕನ್ನಡ ಲಿಪಿಯಲ್ಲಿ ದಾಖಲಿಸುವ ಅನುಕೂಲವಿಲ್ಲದೆ, ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಸಿದೆವು. ಆ ಕೆಲಸ ಮಾಡಿದವರು ದಿನಕ್ಕೆ ಇಷ್ಟು ನಮೂದು ಎಂಬ ಲೆಕ್ಕದ ಗುತ್ತಿಗೆಯವರು. ‘ಶಾಸನ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಗಣಕದಲ್ಲಿ ಹುಡುಕುವ ನಮ್ಮ ಸೂಚಿಯಾದ ಓಪ್ಯಾಕ್‌ನಲ್ಲಿ ಅದು ಕೆಲವು ಕಡೆ ಎಸ್ ಅಕ್ಷರದಿಂದ, ಕೆಲವು ಕಡೆ ಎಸ್ ಮತ್ತು ಎಚ್ ಸೇರಿಸಿ, ಇನ್ನು ಕೆಲವು ಕಡೆ ದೀರ್ಘಕ್ಕೆಂದು ಎರಡು ‘ಎ’ ಇಟ್ಟು ದಾಖಲಾಗಿದೆ. ‘ಕೆರೆಗಳು’ ಎಂಬುದರ ಕೊನೆಯ ‘ಳು’ವಿಗೆ ಒಬ್ಬರು ಒಂದು ಎಲ್ ಹಾಕಿದರೆ ಇನ್ನೊಬ್ಬರು ಎರಡು ಹಾಕಿದ್ದಾರೆ. ಓದುಗರು ಒಂದು ರೀತಿಯಲ್ಲಿ ಹುಡುಕಿ ‘ಇಲ್ಲ’ ಎಂದುಕೊಂಡು ಹೋಗುತ್ತಾರೆ, ಪುಸ್ತಕ ಹತ್ತು ಹೆಜ್ಜೆ ದೂರದಲ್ಲಿರುತ್ತದೆ. ಬೇರೆ ವಿಶ್ವವಿದ್ಯಾಲಯದವರು ಹುಡುಕಿದಾಗಲೂ ಇದೇ ಗತಿ. ಅಮೆರಿಕದ ಗ್ರಂಥಾಲಯಗಳಲ್ಲಿ ಲಿಪ್ಯಂತರಕ್ಕೆ ಎಲ್ಲರೂ ಒಪ್ಪಿದ ಒಂದೇ ನಿಯಮವಿದೆ, ಅದರಿಂದಲೇ ಕನ್ನಡ ಬಾರದ ಸಿಬ್ಬಂದಿಯೂ ಕನ್ನಡ ಪುಸ್ತಕವನ್ನು ತೆಗೆದುಕೊಡುತ್ತಾರೆ. ಈಗ ಯೂನಿಕೋಡ್ ಬಂದು ಬಹಳ ಕಾಲವಾಯಿತು. ಕೊಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ ಕನ್ನಡದಲ್ಲೇ ದಾಖಲಿಸಬಹುದು. ಹೊಸ ಪುಸ್ತಕಗಳಿಗೆ ಹಾಗೆ ಮಾಡುತ್ತಿದ್ದೇವೆ. ಹಳೆಯ ದಾಖಲೆಗಳನ್ನು ತಿದ್ದಲು ಕನ್ನಡ ಬಲ್ಲ ಇಬ್ಬರನ್ನು ಎರಡು ವರ್ಷ ಕೂರಿಸಬೇಕು, ಆ ಹುದ್ದೆ ಮಂಜೂರಾಗಿಲ್ಲ.

ಅಂಚೆಯ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆಯಿದೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳನ್ನು ಕಳಿಸಲು ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟು ಎಲ್ಲಿದೆ ಎಂದು ನೋಡಲೂ ಬರುತ್ತದೆ.

ಮೇಡಂ, ನಿಮ್ಮ ಲೇಖನದ ಬಗ್ಗೆ ಒಂದು ಕೆಲಸ ಮಾಡಿ. ‘ಕಳಿಸಿದ್ದೇವೆ’ ಎಂಬ ಮಾತಿಗೆ ನಿಲ್ಲಬೇಡಿ. ಯಾವ ದಿನ, ಯಾವ ವಿಳಾಸಕ್ಕೆ ಕಳಿಸಿದ್ದಾರೆ ಎಂದು ತೋರಿಸಲು ವಿನಯದಿಂದಲೇ ಕೇಳಿ.

ಸಂಶೋಧನಾ ವಿದ್ಯಾರ್ಥಿನಿ, ಇತಿಹಾಸ ವಿಭಾಗ

ಸರ್ ಹೇಳಿದಂತೆ ಬುಧವಾರ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಅಕ್ಕ ಬೇಸರಪಟ್ಟುಕೊಳ್ಳದೆ ಗ್ರಂಥಾಲಯದ ಮಿಂಚಂಚೆಯ ಖಾತೆಯನ್ನು ತೆರೆದು ನನ್ನ ಎದುರೇ ಹುಡುಕಿದರು. ಕೋರಿಕೆ ಕಳಿಸಿದ ಒಂಬತ್ತನೆಯ ದಿನಕ್ಕೇ ಆ ಗ್ರಂಥಾಲಯದಿಂದ ಉತ್ತರ ಬಂದಿತ್ತು: ‘ಸಂಪುಟ ಮತ್ತು ಸಂಚಿಕೆಯ ಸಂಖ್ಯೆ ತಿಳಿಸಿದರೆ ಪ್ರತಿ ಕಳುಹಿಸುತ್ತೇವೆ.’ ನಾನು ಒಂದು ಪುಸ್ತಕದ ಅಡಿಟಿಪ್ಪಣಿ ನೋಡಿ ಫಾರಂ ತುಂಬಿದ್ದೆ, ಅದರಲ್ಲಿ ವರ್ಷ ಮಾತ್ರ ಇತ್ತು. ಆ ಕಾಗದವನ್ನು ನೋಡಬೇಕಾಗಿದ್ದವರು ಆ ತಿಂಗಳೇ ಬೇರೆ ವಿಭಾಗಕ್ಕೆ ವರ್ಗವಾಗಿದ್ದರಂತೆ. ಉತ್ತರ ಅಲ್ಲೇ, ದಪ್ಪಕ್ಷರದಲ್ಲಿ, ಯಾರೂ ತೆರೆಯದೆ ಉಳಿದಿತ್ತು.

ಸಂಚಿಕೆಯ ಸಂಖ್ಯೆಯನ್ನು ನಮ್ಮ ವಿಭಾಗದ ನಿವೃತ್ತ ಪ್ರಾಧ್ಯಾಪಕರೊಬ್ಬರು ತಮ್ಮ ಹಳೆಯ ಕಾರ್ಡುಗಳಲ್ಲಿ ಹುಡುಕಿಕೊಟ್ಟರು. ಅಂದೇ ಮಧ್ಯಾಹ್ನ ಕಳಿಸಿದೆವು. ಇಂದು ಬೆಳಿಗ್ಗೆ ಲೇಖನ ಬಂದಿದೆ. ಹನ್ನೊಂದು ಪುಟ, ಏಳನೆಯ ಪುಟದ ಮೂಲೆಯಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳೂ ಬಿದ್ದಿದೆ. ನಾನು ಹುಡುಕುತ್ತಿದ್ದ ತೂಬಿನ ಶಾಸನದ ಪಾಠ ಅದರಲ್ಲಿ ಪೂರ್ತಿಯಾಗಿ ಇದೆ.

ಪ್ರಶ್ನಾವಳಿಯನ್ನು ಕೊಟ್ಟು ಬಂದೆ. ಹದಿನಾಲ್ಕನೆಯ ಪ್ರಶ್ನೆಯ ಚೌಕಗಳನ್ನು ಖಾಲಿ ಬಿಟ್ಟು, ಹಾಳೆಯ ಹಿಂಬದಿಯಲ್ಲಿ ಮೂರೂ ಕೋರಿಕೆಗಳ ದಿನಾಂಕ, ಉತ್ತರ ಬಂದ ದಿನಾಂಕ ಮತ್ತು ಆ ಉತ್ತರ ನನಗೆ ತಿಳಿದ ದಿನಾಂಕ ಬರೆದಿದ್ದೇನೆ. ಕೋರಿಕೆ ಯಾವ ಹಂತದಲ್ಲಿದೆ ಎಂದು ಹದಿನೈದು ದಿನಗಳಿಗೊಮ್ಮೆ ಓದುಗರಿಗೆ ತಿಳಿಸುವ ಏರ್ಪಾಟು ಬೇಕೆಂದು ಗ್ರಂಥಪಾಲಕರಿಗೆ ಬೇರೆ ಪತ್ರವನ್ನೂ ಕೊಟ್ಟಿದ್ದೇನೆ. ನಮ್ಮ ವಿಭಾಗದ ಒಂಬತ್ತು ಜನ ಸಹಿ ಹಾಕಿದ್ದಾರೆ.

ಸಹಾಯಕ ಗ್ರಂಥಪಾಲಕ

ಬಹಳ ಸಂತೋಷ ಮೇಡಂ. ಕನ್ನಡ ಮೇಷ್ಟ್ರಿಗೆ ಒಂದು ಮಾತು: ನೀವು ಹೇಳಿದ ಸ್ಮರಣ ಸಂಚಿಕೆಯನ್ನು ನಾನು ಇಂದು ಓಪ್ಯಾಕ್ ಬಿಟ್ಟು ನೇರವಾಗಿ ಕಪಾಟಿನಲ್ಲಿ ಹುಡುಕಿದೆ. ಎರಡು ಪ್ರತಿಗಳಿವೆ, ಒಂದರ ರಟ್ಟು ಹೋಗಿದೆ. ನಿಮ್ಮ ಪ್ರಾಂಶುಪಾಲರ ಪತ್ರವನ್ನು ಸಂಚಿಕೆಯ ವರ್ಷ ನಮೂದಿಸಿ ನಮ್ಮ ಗ್ರಂಥಪಾಲಕರ ಹೆಸರಿಗೆ ಕಳಿಸಿ. ನೀವು ಬರುವುದು ಬೇಡ, ಗಟ್ಟಿಯಿರುವ ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕಳಿಸಲು ಅನುಮತಿ ಪಡೆದಿದ್ದೇನೆ. ಹೊರಟ ದಿನವೇ ಇಲ್ಲಿ ಬರೆಯುತ್ತೇನೆ.